ಹಳೆಯ ಜರ್ಮನ್ ತಕ್ಕಡಿ ಸಿಕ್ಕಿದೆಯಾ? ಉಜ್ಜಬೇಡಿ, ಮೊದಲು ಓದಿ

"ಗುಜರಿಯಲ್ಲಿ ಒಂದು ಹಳೆ ತಕ್ಕಡಿ ಸಿಕ್ಕಿತು. ಮೇಲೆ ಡಿ.ಆರ್.ಜಿ.ಎಂ. ಅಂತ ಕಂಪನಿ ಹೆಸರಿದೆ. ಇದು ಜರ್ಮನಿಯ ಯಾವ ಊರಿನ ಕಂಪನಿ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಫೋಟೊ ಮಾತ್ರ ಬೇರೆ ಬೇರೆ. ಉತ್ತರ ಯಾವಾಗಲೂ ಒಂದೇ: ಆ ಹೆಸರಿನ ಕಂಪನಿ ಇರಲೇ ಇಲ್ಲ. ಅದು ಒಂದು ಕಾನೂನಿನ ಗುರುತು. ಆದರೆ ಅದೇ ಗುರುತು ನಿಮ್ಮ ತಕ್ಕಡಿ ಯಾವ ಕಾಲದ್ದು ಅಂತ ಹೇಳುತ್ತದೆ. ಹಾಗಾಗಿ ಒಂದೊಂದಾಗಿ ಉತ್ತರ ಬರೆಯುವ ಬದಲು ಇಡೀ ದಾರಿಯನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಜರ್ಮನ್ ಭಾಷೆ ಬರಬೇಕು ಅಂತೇನಿಲ್ಲ. ತಾಳ್ಮೆ ಬೇಕು, ಅಷ್ಟೆ.

ಕೈಯಲ್ಲಿ ಏನೇನು ಇರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ (ವಾಚ್ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುತ್ತಾರಲ್ಲ, ಅದೂ ಆದೀತು), ಒಂದು ಅಯಸ್ಕಾಂತ, ಟಾರ್ಚು, ಮೆತ್ತನೆಯ ಪೇಂಟ್ ಬ್ರಷ್, ತೆಳು ಬಿಳಿ ಹಾಳೆ, ಮೆದು ಪೆನ್ಸಿಲ್. ಜೊತೆಗೆ 0.1 ಗ್ರಾಂವರೆಗೆ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ತಕ್ಕಡಿಯ ಬಟ್ಟನ್ನು ಇನ್ನೊಂದು ತಕ್ಕಡಿಯಲ್ಲಿ ತೂಗುವುದು ತಮಾಷೆ ಅನ್ನಿಸಬಹುದು. ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ನಾನು ಬಳಸುವ ನಾಲ್ಕು ಪದ ಗೊತ್ತಿರಲಿ. ತಟ್ಟೆಗಳನ್ನು ಹೊರುವ ಅಡ್ಡಕೋಲು ದಂಡ. ನಡುವೆ ಅತ್ತಿತ್ತ ಆಡುವ ಸೂಜಿ ಮುಳ್ಳು. ದಂಡ ಕೂರುವ ಚೂಪಾದ ಅಂಚು ಅಲಗು. ತೂಕದ ಕಲ್ಲು ಬಟ್ಟು.

1. ಇದು ಎಂಥ ತಕ್ಕಡಿ ಅಂತ ಮೊದಲು ಗುರುತಿಸಿ

ಜಾತಿ ಗೊತ್ತಾದರೆ ತಯಾರಕರ ಪಟ್ಟಿ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ಅಂಗೈ ಅಗಲದ ಮರದ ಪೆಟ್ಟಿಗೆಯಲ್ಲಿ ಪುಟ್ಟ ಕೈತಕ್ಕಡಿ, ಪಕ್ಕದ ಗುಳಿಗಳಲ್ಲಿ ಚೌಕ ಹಿತ್ತಾಳೆ ಬಟ್ಟುಗಳು ಇದ್ದರೆ ಅದು ನಾಣ್ಯದ ತಕ್ಕಡಿ. 17 ಮತ್ತು 18ನೇ ಶತಮಾನದ ವ್ಯಾಪಾರಿಗಳು ಚಿನ್ನದ ನಾಣ್ಯವನ್ನು ಯಾರಾದರೂ ಅಂಚು ಕೆತ್ತಿ ಕದ್ದಿದ್ದಾರಾ ಅಂತ ನೋಡಲು ಇದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಒಂದು ತಟ್ಟೆ ದುಂಡಗೆ, ಇನ್ನೊಂದು ಮುಮ್ಮೂಲೆಯಾಗಿ ಇರುವುದು ಇದರಲ್ಲಿ ಸಾಮಾನ್ಯ. ತಪ್ಪು ಜೋಡಿ ಅಂದುಕೊಂಡು ಬಿಟ್ಟುಬರಬೇಡಿ.

ಕೊಂಬಿನ ತಟ್ಟೆ, ರೇಷ್ಮೆ ದಾರ ಇದ್ದರೆ ಔಷಧದಂಗಡಿಯದು. ಗಾಜಿನ ಪೆಟ್ಟಿಗೆಯೊಳಗೆ ಇದ್ದರೆ ಪ್ರಯೋಗಾಲಯದ್ದು. ತಟ್ಟೆಗಳು ದಂಡದ ಮೇಲೆ ಕೂತಿದ್ದರೆ ಕಿರಾಣಿ ಅಂಗಡಿಯ ಮೇಜಿನ ತಕ್ಕಡಿ. ಮೂಟೆ ಇಡುವ ಹಲಗೆಯಿದ್ದು, ಹತ್ತು ಕಿಲೊಗೆ ಒಂದು ಕಿಲೊ ಬಟ್ಟು ಸಾಕಾಗುವಂತಿದ್ದರೆ ದಶಮಾಂಶ ತಕ್ಕಡಿ. ಇದನ್ನು 1820ರ ದಶಕದ ಆರಂಭದಲ್ಲಿ ಸ್ಟ್ರಾಸ್‌ಬುರ್ಗ್‌ನ ಕ್ವಿಂಟೆನ್ಟ್ಸ್ ಎಂಬಾತ ರೂಪಿಸಿದ. ಗಡಿಯಾರದಂಥ ಮುಖ, ಒಳಗೆ ಸ್ಪ್ರಿಂಗ್ ಇದ್ದರೆ ಅಡುಗೆಮನೆಯದು.

ಇನ್ನೊಂದು ಜಾತಿಗೆ ಬಟ್ಟೂ ಬೇಡ, ಸ್ಪ್ರಿಂಗೂ ಬೇಡ. ತೂಕ ಇಟ್ಟರೆ ಒಳಗಿನ ಭಾರದ ತೋಳು ಓರೆಯಾಗಿ ಎದ್ದು ಕಮಾನಿನ ಅಳತೆಪಟ್ಟಿಯ ಮೇಲೆ ಅಂಕಿ ತೋರಿಸುತ್ತದೆ. ಇದೇ ಓರೆ ತಕ್ಕಡಿ, ಜರ್ಮನ್ನರ 'ನೈಗುಂಗ್ಸ್‌ವಾಗೆ'. ಅಂಚೆ ಕಚೇರಿಗಳಲ್ಲಿ, ಬರೆಯುವ ಮೇಜಿನ ಮೇಲೆ ಕಾಗದ (ಅಂಚೆಯ ಪತ್ರ) ತೂಗಲು ಇಟ್ಟುಕೊಳ್ಳುತ್ತಿದ್ದ 'ಬ್ರೀಫ್‌ವಾಗೆ'ಗಳಲ್ಲಿ ಬಹಳಷ್ಟು ಇದೇ ತತ್ವದವು. ಹೊಸಬರಿಗೆ ನಾನು ಹೇಳುವುದು ಇದನ್ನೇ: ಕಾಗದದ ತಕ್ಕಡಿಯಿಂದ ಶುರು ಮಾಡಿ. ಸಣ್ಣದು, ಅಗ್ಗ, ಸಾಗಿಸುವುದು ಸುಲಭ, ಅದರ ಮೈಮೇಲೆ ಓದಲು ಜಾಸ್ತಿ ಸಿಗುತ್ತದೆ.

2. ಉಜ್ಜಬೇಡಿ

ಇದೊಂದು ಮಾತನ್ನು ಕೇಳಿದರೆ ಉಳಿದದ್ದನ್ನೆಲ್ಲ ನಿಧಾನವಾಗಿ ಕಲಿಯಬಹುದು. ನನ್ನ ಮೊದಲ ತಕ್ಕಡಿಯನ್ನು ಮನೆಗೆ ತಂದ ದಿನವೇ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಸಿದೆ. ಅಳತೆಪಟ್ಟಿಯ ಬೆಳ್ಳಿಬಣ್ಣದ ಲೇಪ ಹೋಯಿತು, ಜೊತೆಗೆ ಅಂಕಿಗಳ ಕಪ್ಪು ಹೋಯಿತು. ಕೆಳಗಡೆ ಏನೋ ಮೂರಕ್ಷರ ಇತ್ತು, ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಸಾಕು. ಆಮೇಲೆ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಬೆಳಕು ಮೈಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಸವೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಆಗಲೂ ಕಾಣದಿದ್ದರೆ ಹಾಳೆ ಇಟ್ಟು ಮೇಲೆ ಪೆನ್ಸಿಲ್ ಆಡಿಸಿ. ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ.

ಹುಡುಕಬೇಕಾದ ಜಾಗಗಳು: ದಂಡದ ಎರಡೂ ಮುಖ, ತಟ್ಟೆಗಳ ತಳ, ಬುಡದ ಎರಕದ ಕೆಳಭಾಗ, ಅಳತೆಪಟ್ಟಿಯ ಮೂಲೆಗಳು, ಪೆಟ್ಟಿಗೆಯ ಮುಚ್ಚಳದ ಒಳಮೈ, ಡ್ರಾಯರಿನ ತಳ. ಕಬ್ಬಿಣದ ಬಟ್ಟಾದರೆ ಅದರಲ್ಲಿನ ಸೀಸದ ಬೊಟ್ಟು. ತೂಕ ಸರಿಹೊಂದಿಸಲು ಸೀಸ ತುಂಬಿ, ಅದರ ಮೇಲೆಯೇ ಸರ್ಕಾರಿ ಮುದ್ರೆ ಒತ್ತುತ್ತಿದ್ದರು. ನಾಣ್ಯದ ತಕ್ಕಡಿಯಲ್ಲಿ ಮಾಡಿದವನ ಹೆಸರು, ಊರು ಇರುವುದು ಮುಚ್ಚಳಕ್ಕೆ ಅಂಟಿಸಿದ ಅಚ್ಚಿನ ಚೀಟಿಯಲ್ಲಿ. ಒದ್ದೆ ಬಟ್ಟೆ ತಾಗಿದರೆ ಕಥೆ ಮುಗಿಯಿತು.

3. ಯಾವುದು ಹೆಸರು, ಯಾವುದು ಅಲ್ಲ

ಕೆಳಗಿನವುಗಳಲ್ಲಿ ಯಾವುದೂ ಕಂಪನಿ ಹೆಸರಲ್ಲ:

- ಡಿ.ಆರ್.ಪಿ.: ಜರ್ಮನ್ ಸಾಮ್ರಾಜ್ಯದ ಪೇಟೆಂಟ್. ಬರ್ಲಿನ್ನಿನ ಪೇಟೆಂಟ್ ಕಚೇರಿ ತೆರೆದದ್ದು 1877ರ ಜುಲೈನಲ್ಲಿ. ಅಂದರೆ ತಕ್ಕಡಿ ಅದಕ್ಕಿಂತ ಹಳೆಯದಲ್ಲ.
- ಡಿ.ಆರ್.ಜಿ.ಎಂ.: ಪೂರ್ತಿ ಪೇಟೆಂಟ್ ಅಲ್ಲ, ಅದರ ತಮ್ಮ ಅನ್ನಿ. ಸಣ್ಣಪುಟ್ಟ ಸುಧಾರಣೆಗೆ ಕೆಲವೇ ವರ್ಷ ಸಿಗುತ್ತಿದ್ದ ರಕ್ಷಣೆ. 1891ರ ಅಕ್ಟೋಬರ್‌ನಿಂದ ಶುರು.
- ಗೆಸ್. ಗೆಶ್.: 'ಕಾನೂನಿನ ರಕ್ಷಣೆ ಇದೆ' ಅಂತ, ಅಷ್ಟೆ.
- ಡಿ.ಬಿ.ಪಿ., ಡಿ.ಬಿ.ಜಿ.ಎಂ.: ಎರಡನೇ ಮಹಾಯುದ್ಧದ ನಂತರದ ಪಶ್ಚಿಮ ಜರ್ಮನಿಯವು. "ನೂರು ವರ್ಷ ಹಳೆಯದು" ಅಂತ ಯಾರಾದರೂ ಇದನ್ನು ಮಾರಲು ಬಂದರೆ ನಕ್ಕು ಮುಂದೆ ಹೋಗಿ.
- ವಿರ್ಟ್‌ಶಾಫ್ಟ್ಸ್‌ವಾಗೆ: ಮನೆಬಳಕೆಯ ತಕ್ಕಡಿ.
- ಟ್ರಾಗ್‌ಕ್ರಾಫ್ಟ್: ಎಷ್ಟು ಭಾರ ತಡೆಯುತ್ತದೆ ಅನ್ನುವುದು. ಮುಂದೆ ಒಂದು ಅಂಕಿ ಇರುತ್ತದೆ.

'ಮೇಡ್ ಇನ್ ಜರ್ಮನಿ' ಅಂತ ಇಂಗ್ಲಿಷಿನಲ್ಲಿದ್ದರೆ ಅದು ಹೊರದೇಶಕ್ಕೆ ಮಾಡಿದ್ದು. ಹೊರಗಿನ ಮಾಲಿನ ಮೇಲೆ ಅದು ತಯಾರಾದ ದೇಶದ ಹೆಸರು ಬರೆಸಲು ಬ್ರಿಟನ್ 1887ರಲ್ಲಿ ಕಾನೂನು ತಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1889ರಲ್ಲಿ ಅದೇ ಬಗೆಯ ಕಾನೂನು ಬಂತು. ನಮ್ಮ ಕಡೆ ಸಿಗುವ ತುಂಬಾ ತಕ್ಕಡಿಗಳ ಮೇಲೆ ಈ ಸಾಲು ಇರುವುದಕ್ಕೆ ಇದೇ ಕಾರಣ. 'ವೆಸ್ಟರ್ನ್ ಜರ್ಮನಿ' ಅಂತಿದ್ದರೆ 1949ರ ಈಚಿನದು.

ಎಚ್ಚರಿಕೆ: ಡಯಲ್ ಮೇಲೆ ದೊಡ್ಡದಾಗಿ ಬರೆದ ಹೆಸರು ಮಾರಿದ ಅಂಗಡಿಯದೂ ಆಗಿರಬಹುದು. ಸ್ಟೀಲ್ ಪಾತ್ರೆಗೆ ನಮ್ಮ ಪಾತ್ರೆ ಅಂಗಡಿಯವರು ಹೆಸರು ಕೊರೆಸುವುದಿಲ್ಲವೇ, ಹಾಗೆ. ಮಾಡಿದವರ ಗುರುತು ಸಾಮಾನ್ಯವಾಗಿ ಚಿಕ್ಕದು: ಎರಡು ಮೂರು ಅಕ್ಷರ, ಒಂದು ಪ್ರಾಣಿ, ಒಂದು ಆಂಕರು (ಹಡಗಿನ ಲಂಗರು).

ಹೆಸರು ಜರ್ಮನ್ ಆಗಿದ್ದ ಮಾತ್ರಕ್ಕೆ ತಕ್ಕಡಿ ಜರ್ಮನ್ ಆಗಬೇಕಿಲ್ಲ. ಓರ್ಟ್‌ಲಿಂಗ್ ಹೆಸರಿನ ಪ್ರಯೋಗಾಲಯದ ತಕ್ಕಡಿ ನೋಡಿ: ಲೂಡ್ವಿಗ್ ಓರ್ಟ್‌ಲಿಂಗ್ ಜರ್ಮನಿಯವನೇ, ಆದರೆ ಲಂಡನ್‌ಗೆ ಹೋಗಿ ಅಲ್ಲಿ ಕಾರ್ಖಾನೆ ಮಾಡಿದ. ಮೆಟ್ಲರ್ ಸ್ವಿಟ್ಜರ್ಲೆಂಡಿನದು.

4. ಕಾಗುಣಿತ ನೋಡಿ, ಊರಿನ ಹೆಸರು ನೋಡಿ

ನನಗೆ ತುಂಬಾ ಇಷ್ಟವಾದ ಹಂತ ಇದು. ತಕ್ಕಡಿಗೆ ಜರ್ಮನ್ನಲ್ಲಿ 'ವಾಗೆ'. ಈಗ ಅದನ್ನು ಎರಡು 'ಎ' ಹಾಕಿ ಬರೆಯುತ್ತಾರೆ. 1927ಕ್ಕೆ ಮುಂಚೆ ಒಂದೇ 'ಎ'. ನಿಮ್ಮ ತಕ್ಕಡಿಯ ಮೇಲೆ ಒಂದೇ 'ಎ' ಇದ್ದರೆ ಬಹುಪಾಲು ಅದು 1927ಕ್ಕಿಂತ ಹಿಂದಿನದು. ಬಹುಪಾಲು ಅಂದೆ, ಯಾಕೆಂದರೆ ಹಳೇ ಅಚ್ಚನ್ನು ಎಸೆಯಲು ಮನಸ್ಸಾಗದ ಕಾರ್ಖಾನೆಗಳು ಎಲ್ಲ ಕಾಲದಲ್ಲೂ ಇರುತ್ತವೆ.

ಇಲ್ಲೇ ಒಂದು ಗುಂಡಿಯೂ ಇದೆ. 'ವಾಗೆನ್‌' ಅಂದರೆ ಜರ್ಮನ್ನಲ್ಲಿ ಗಾಡಿ. ಹಳೇ ಕಾಗುಣಿತದಲ್ಲಿ ತಕ್ಕಡಿ ಕಾರ್ಖಾನೆ, ಗಾಡಿ ಕಾರ್ಖಾನೆ ಎರಡೂ 'ವಾಗೆನ್‌ಫಾಬ್ರಿಕ್' ಅಂತ ಒಂದೇ ಥರ ಬರುತ್ತವೆ. ಹಳೆಯ ವಿಳಾಸ ಪುಸ್ತಕದಲ್ಲಿ ಹುಡುಕುವಾಗ ಸಾರೋಟು ಮಾಡುವವನ ಹಿಂದೆ ಬಿದ್ದು ಸಮಯ ಹಾಳುಮಾಡಿಕೊಳ್ಳಬೇಡಿ.

ಊರುಗಳ ಹೆಸರೂ ಕಾಲ ಹೇಳುತ್ತದೆ. ಕೋಲ್ನ್ (ನಾವು ಕಲೋನ್ ಅನ್ನುವ ಊರು) 1919ರವರೆಗೆ 'ಸಿ' ಅಕ್ಷರದಿಂದ, ಆಮೇಲೆ 'ಕೆ'ಯಿಂದ. ಕಾಸೆಲ್ 1926ರಲ್ಲಿ 'ಸಿ'ಯಿಂದ 'ಕೆ'ಗೆ ಬಂತು. ಎಲ್ಬರ್‌ಫೆಲ್ಡ್, ಬಾರ್ಮೆನ್ ಊರುಗಳು 1929ರಲ್ಲಿ ಒಂದಾದವು, 1930ರಿಂದ ವುಪ್ಪರ್ಟಾಲ್ ಎಂಬ ಹೆಸರು. ಕೆಮ್ನಿಟ್ಸ್ ಊರು 1953ರಿಂದ 1990ರವರೆಗೆ ಕಾರ್ಲ್‌ಮಾರ್ಕ್ಸ್‌ಸ್ಟಾಟ್ ಆಗಿತ್ತು. ಬ್ರೆಸ್ಲಾವ್ ಅಂತಿದ್ದರೆ 1945ಕ್ಕೆ ಹಿಂದಿನದು, ಈಗ ಅದು ಪೋಲೆಂಡಿನ ವ್ರೊಟ್ಸ್‌ವಾಫ್. ವಿಳಾಸದಲ್ಲಿ ನಾಲ್ಕಂಕಿಯ ಪಿನ್‌ಕೋಡ್ ಇದ್ದರೆ 1961ರ ನಂತರದ್ದು, ಐದಂಕಿ ಇದ್ದರೆ 1993ರ ನಂತರದ್ದು.

ಅಕ್ಷರಗಳು ಮುಳ್ಳುಮುಳ್ಳಾಗಿ, ಮುರಿದ ಹಾಗೆ ಇದ್ದರೆ ಅದು ಫ್ರಾಕ್ಟುರ್ ಲಿಪಿ. ಅದರಲ್ಲಿ ಉದ್ದನೆಯ 'ಎಸ್' ಥೇಟ್ 'ಎಫ್' ಥರ ಕಾಣುತ್ತದೆ. ಫೋನಿನ ಕ್ಯಾಮೆರಾ ಅನುವಾದ ಇದರಲ್ಲಿ ಸುಮ್ನೆ ದಾರಿ ತಪ್ಪಿಸುತ್ತದೆ. ಫ್ರಾಕ್ಟುರ್ ಅಕ್ಷರಮಾಲೆಯ ಒಂದು ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೊಂದಿಸಿ.

ಈಗ ಕಾಗದದ ತಕ್ಕಡಿಗೆ ಬರೋಣ. ಜರ್ಮನಿಯಲ್ಲಿ ಒಳನಾಡಿನ ಸಾಧಾರಣ ಕಾಗದದ ತೂಕದ ಮಿತಿ 15 ಗ್ರಾಂ ಇತ್ತು. 1900ರ ಏಪ್ರಿಲ್ 1ರಿಂದ ಅದು 20 ಗ್ರಾಂ ಆಯಿತು. ಅಳತೆಪಟ್ಟಿಯಲ್ಲಿ ಎಲ್ಲಿ ದಪ್ಪ ಗೆರೆ ಎಳೆದಿದ್ದಾರೆ ನೋಡಿ. ಹದಿನೈದರಲ್ಲಿ ದಪ್ಪ ಗೆರೆ, ಜೊತೆಗೆ ಡಿ.ಆರ್.ಜಿ.ಎಂ. ಗುರುತು ಇದ್ದರೆ? 1891ರ ಅಕ್ಟೋಬರ್‌ನಿಂದ 1900ರ ಮಾರ್ಚ್‌ವರೆಗಿನ ಎಂಟೂವರೆ ವರ್ಷದೊಳಗೆ ತಕ್ಕಡಿ ಬಂದು ಕೂತಿತು. ಹೆಸರೇ ಗೊತ್ತಿಲ್ಲದೆ! ಒಂದೇ ಷರತ್ತು: ಆ ಗೆರೆಯ ಪಕ್ಕ 'ಆವ್ಸ್‌ಲಾಂಡ್' (ಹೊರದೇಶ) ಅಂತ ಬರೆದಿದ್ದರೆ ಲೆಕ್ಕ ಬೇರೆ. ಹೊರದೇಶದ ಕಾಗದಕ್ಕೆ 15 ಗ್ರಾಂ ಮಿತಿ 1907ರ ಸೆಪ್ಟೆಂಬರ್ ಕೊನೆಯವರೆಗೂ ಇತ್ತು.

5. ಬಟ್ಟುಗಳನ್ನು ತೂಗಿ

ಜರ್ಮನಿಯಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾದದ್ದು 1872ರ ಜನವರಿ 1ರಿಂದ. ಅದಕ್ಕೂ ಮೊದಲು ಒಂದೊಂದು ರಾಜ್ಯಕ್ಕೂ ಒಂದೊಂದು ಪೌಂಡು, ಅವರ ಮಾತಿನಲ್ಲಿ 'ಪ್ಫುಂಡ್'. ನಮ್ಮಲ್ಲಿ ಊರೂರಿಗೆ ಸೇರು ಬೇರೆ ಇತ್ತಲ್ಲ, ಅದೇ ಕಥೆ.

ಒಂದು ಪ್ಫುಂಡ್ ಬಟ್ಟು 467 ಗ್ರಾಂ ಆಸುಪಾಸು ತೂಗಿದರೆ ಅದು ಹಳೇ ಪ್ರಷ್ಯಾದ್ದು, 1858ಕ್ಕೆ ಹಿಂದಿನದು. 560 ಬಂದರೆ ಬವೇರಿಯಾ ಅಥವಾ ವಿಯೆನ್ನಾ ಕಡೆ ನೋಡಿ. 358ರ ಹತ್ತಿರ ಬಂದರೆ ನ್ಯೂರೆಂಬರ್ಗ್‌ನ ಔಷಧ ಪೌಂಡ್. ಸರಿಯಾಗಿ 500 ಬಂದರೆ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟದ 'ಟ್ಸೋಲ್‌ಪ್ಫುಂಡ್' ಅಥವಾ ಅದರ ನಂತರದ ಕಾಲ. ಈಗಲೂ ಜರ್ಮನಿಯ ಸಂತೆಯಲ್ಲಿ ಅಜ್ಜಿಯರು ಒಂದು ಪ್ಫುಂಡ್ ಚೆರ್ರಿ ಕೇಳಿದರೆ ಅರ್ಧ ಕಿಲೊ ಅಂತಲೇ ಅರ್ಥ. ನಾಣ್ಯದ ತಕ್ಕಡಿಯ ಡುಕಾಟ್ (ಆ ಕಾಲದ ಚಿನ್ನದ ನಾಣ್ಯ) ಬಟ್ಟು ಸುಮಾರು 3.5 ಗ್ರಾಂ ಇರಬೇಕು. ಒಂದೆರಡು ಶೇಕಡಾ ಸವೆತ ಸಹಜ. ಜಾಸ್ತಿ ವ್ಯತ್ಯಾಸ ಬಂದರೆ ಬೇರೆ ಪೆಟ್ಟಿಗೆಯ ಬಟ್ಟನ್ನು ತಂದು ತುಂಬಿದ್ದಾರೆ.

ಒಂದರೊಳಗೊಂದು ಕೂರುವ ಲೋಟದ ಬಟ್ಟುಗಳು ಸಿಕ್ಕರೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಇವು ನ್ಯೂರೆಂಬರ್ಗ್‌ನ ವಿಶೇಷ. ಯುರೋಪಿಗೆಲ್ಲ ಅಲ್ಲಿಂದಲೇ ಹೋಗುತ್ತಿದ್ದವು. ಹೊರಗಿನ ಮುಚ್ಚಳದ ಲೋಟದ ತೂಕ, ಒಳಗಿನ ಎಲ್ಲ ಲೋಟಗಳ ಒಟ್ಟು ತೂಕಕ್ಕೆ ಸಮ ಇರಬೇಕು. ಅಲಂಕಾರಕ್ಕೆ ಮಾಡಿದ ಈಗಿನ ನಕಲುಗಳು ತುಂಬಾ ಓಡಾಡುತ್ತಿವೆ, ಅವುಗಳಲ್ಲಿ ಈ ಲೆಕ್ಕ ಕೂಡುವುದು ಕಷ್ಟ. ಅಯಸ್ಕಾಂತ ಅಂಟಿಕೊಂಡರಂತೂ ಹಿತ್ತಾಳೆ ಬರೀ ಮೇಲ್ಪದರ ಅಂತ ಅರ್ಥ.

6. ಸರ್ಕಾರಿ ಮುದ್ರೆ ಓದಿ

ವ್ಯಾಪಾರಕ್ಕೆ ಬಳಸುವ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವುದಕ್ಕೆ ಜರ್ಮನ್ನಲ್ಲಿ 'ಐಶುಂಗ್'. ನಮ್ಮ ಅಂಗಡಿಗಳ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಸೀಲು ಹಾಕುತ್ತಾರಲ್ಲ, ಅದೇ ಕೆಲಸ. ಸಾಮ್ರಾಜ್ಯದ ಕಾಲದ ಮುದ್ರೆಯಲ್ಲಿ ಅಲೆಯಂತಿರುವ ಪಟ್ಟಿ, ಅದರಲ್ಲಿ ಡಿ, ಆರ್ ಅಕ್ಷರ, ಜೊತೆಗೆ ವಲಯದ ಮತ್ತು ಕಚೇರಿಯ ಸಂಖ್ಯೆಗಳು ಇರುತ್ತವೆ. 1912ರಿಂದ ದೇಶದಾದ್ಯಂತ ಮರುಪರೀಕ್ಷೆ ಕಡ್ಡಾಯವಾಯಿತು. ಹಾಗಾಗಿ ಅಂಗಡಿಯ ತಕ್ಕಡಿಯ ಮೇಲೆ ಎರಡೆರಡು ವರ್ಷಕ್ಕೊಂದರಂತೆ ಸಾಲಾಗಿ ವರ್ಷದ ಅಂಕಿಗಳು ಕಾಣಬಹುದು: 24, 26, 28.

ಇಲ್ಲಿ ತುಂಬಾ ಜನ ಎಡವುತ್ತಾರೆ. ಈ ಅಂಕಿ ತಕ್ಕಡಿ ಹುಟ್ಟಿದ ವರ್ಷವಲ್ಲ, ಪರೀಕ್ಷೆಯಾದ ವರ್ಷ. ಕಚೇರಿ ಸಂಖ್ಯೆಯೂ ತಯಾರಾದ ಊರನ್ನಲ್ಲ, ಪರೀಕ್ಷೆಯಾದ ಊರನ್ನು ಹೇಳುತ್ತದೆ. ಎಲ್ಲಕ್ಕಿಂತ ಹಳೆಯ ಅಂಕಿಯನ್ನು ಹಿಡಿದುಕೊಳ್ಳಿ. ಅಡುಗೆಮನೆ ತಕ್ಕಡಿಗೆ ಮುದ್ರೆ ಇರುವುದಿಲ್ಲ, ಅದು ಕೊರತೆಯಲ್ಲ.

7. ಊರಿನಿಂದ ತಯಾರಕರಿಗೆ

ಜರ್ಮನಿಯ ತಕ್ಕಡಿ ಕಸುಬು ಕೆಲವೇ ಕಡೆ ಗುಂಪುಗೂಡಿತ್ತು. ಆ ಗುಂಪುಗಳು ಗೊತ್ತಿದ್ದರೆ ಹುಡುಕಾಟ ಹಗುರ.

ದೊಡ್ಡ ಗುಂಪು ನೈಋತ್ಯದ ವುರ್ಟೆಂಬರ್ಗ್‌ನ ಬಾಲಿಂಗೆನ್, ಎಬಿಂಗೆನ್, ಓನ್ಸ್ಟ್‌ಮೆಟಿಂಗೆನ್ ಊರುಗಳದು. ಇದರ ಮೂಲಪುರುಷ ಒಬ್ಬ ಪಾದ್ರಿ! ಫಿಲಿಪ್ ಮಥೇಯುಸ್ ಹಾನ್ (1739–1790) ಓನ್ಸ್ಟ್‌ಮೆಟಿಂಗೆನ್ ಚರ್ಚಿನಲ್ಲಿದ್ದಾಗ ಗಡಿಯಾರದ ಜೊತೆಗೆ ಓರೆ ತಕ್ಕಡಿಯನ್ನೂ ಮಾಡಿಸಿದ. ಹೊಲದಲ್ಲಿ ಬೆಳೆ ಕಮ್ಮಿಯಿದ್ದ ಆ ಗುಡ್ಡಗಾಡಿನ ಜನ ಕಸುಬು ಕಲಿತರು. (ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಹೆರ್ಮನ್ ಮೊಗ್ಲಿಂಗ್ ಕೂಡ ವುರ್ಟೆಂಬರ್ಗ್‌ನವನೇ.) ಕೆರ್ನ್ (1844), ಎಬಿಂಗೆನ್ನಿನ ಆಗಸ್ಟ್ ಸೌಟರ್ (1856), ಬಾಲಿಂಗೆನ್ನಿನ ಬಿಜೆರ್ಬಾ (1866) ಎಲ್ಲ ಇಲ್ಲಿಯವು. ಬಿಜೆರ್ಬಾ ಅನ್ನುವುದು ಸ್ಥಾಪಕ ಆಂಡ್ರಿಯಾಸ್ ಬಿಜೆರ್ ಹೆಸರಿಗೆ ಬಾಲಿಂಗೆನ್ನಿನ 'ಬಾ' ಸೇರಿಸಿ ಮಾಡಿದ ಪದ. ಬಾಲಿಂಗೆನ್ ಕೋಟೆಮನೆಯಲ್ಲಿ ತಕ್ಕಡಿ ಮತ್ತು ಬಟ್ಟುಗಳದ್ದೇ ಒಂದು ಮ್ಯೂಸಿಯಂ ಇದೆ. ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕಿರುವ ಕನ್ನಡಿಗರು ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ. ಗಾಜಿನ ಹಿಂದಿರುವ ಅಸಲಿಯನ್ನು ಕಣ್ಣಾರೆ ನೋಡಿದ ಮೇಲೆ ನಕಲಿ ಹಿಡಿಯುವುದು ಸಲೀಸು.

ಪ್ರಯೋಗಾಲಯದ ತಕ್ಕಡಿಯಾದರೆ ಎರಡು ಹೆಸರು ಮುಖ್ಯ. ಹ್ಯಾಂಬರ್ಗ್‌ನ ಪೌಲ್ ಬುಂಗೆ 1866ರಲ್ಲಿ ಗಿಡ್ಡ ದಂಡದ ತಕ್ಕಡಿ ತಂದ. ದಂಡ ಉದ್ದವಿದ್ದಷ್ಟೂ ಸೂಕ್ಷ್ಮ ಅಂತ ನಂಬಿದ್ದ ಕಾಲ ಅದು. ಗಿಡ್ಡ ದಂಡ ಹಗುರ, ಅದು ಬೇಗ ನಿಲ್ಲುತ್ತದೆ, ತೂಗುವ ಕೆಲಸ ಬೇಗ ಮುಗಿಯುತ್ತದೆ. ಗೊಟ್ಟಿಂಗೆನ್ನಿನಲ್ಲಿ 1870ರಲ್ಲಿ ಕಾರ್ಯಾಗಾರ ತೆರೆದ ಫ್ಲೋರೆನ್ಜ್ ಸಾರ್ಟೋರಿಯುಸ್ ಇನ್ನೊಬ್ಬ. ಅವನ ಕಂಪನಿಗೆ ಇವತ್ತು ನಮ್ಮ ನೆಲಮಂಗಲದ ಹತ್ತಿರವೂ ಕಾರ್ಖಾನೆ ಇದೆ.

ಅಡುಗೆಮನೆ ತಕ್ಕಡಿಗೆ ಜೋಲಿಂಗೆನ್ನಿನ ಕ್ರುಪ್ಸ್ (ಹೌದು, ಕಾಫಿ ಮಷಿನ್ನಿನವರೇ), ಮುರ್‌ಹಾರ್ಟ್‌ನ ಜೋನ್ಲೆ. ನಾಣ್ಯದ ತಕ್ಕಡಿಗೆ ಕೋಲ್ನ್ ನಗರ, 18ನೇ ಶತಮಾನದಲ್ಲಿ ಅದರ ಪೂರ್ವದ ಬೆರ್ಗ್ ಸೀಮೆಯ ರಾಡೆಫೋರ್ಮ್‌ವಾಲ್ಡ್, ಲೆನ್ನೆಪ್, ವಿಷ್‌ಲಿಂಗ್‌ಹೌಸೆನ್.

8. ಎಲ್ಲಿ ಹುಡುಕಬೇಕು

ಪೇಟೆಂಟ್ ಸಂಖ್ಯೆ ಇದ್ದರೆ ಜರ್ಮನ್ ಪೇಟೆಂಟ್ ಕಚೇರಿಯ 'ಡೆಪಾಟಿಸ್‌ನೆಟ್' ತಾಣದಲ್ಲಿ ಬಿಟ್ಟಿಯಾಗಿ ನೋಡಬಹುದು. ಸಂಖ್ಯೆಯ ಮುಂದೆ ದೇಶದ ಗುರುತು 'ಡಿ ಇ' ಹಾಕಿ. ಚಿತ್ರ ಸಮೇತ ಹಳೆಯ ಪುಟ ತೆರೆದುಕೊಳ್ಳುತ್ತದೆ. ನಿಮ್ಮ ಮೇಜಿನ ಮೇಲಿರುವ ಸ್ಕ್ರೂ ಆ ಚಿತ್ರದಲ್ಲಿ ಕಂಡಾಗ ಆಗುವ ಖುಷಿಯೇ ಬೇರೆ.

ಆದರೆ ಡಿ.ಆರ್.ಜಿ.ಎಂ. ಸಂಖ್ಯೆಯನ್ನು ಅಲ್ಲಿ ಹಾಕಬೇಡಿ. ಅದೇ ಸಂಖ್ಯೆಯ ಬೇರೊಂದು ಪೇಟೆಂಟ್ ಬರುತ್ತದೆ. ತಕ್ಕಡಿ ಹುಡುಕಲು ಹೋಗಿ ಹಾಲು ಕಡೆಯುವ ಯಂತ್ರ ಸಿಕ್ಕಿದರೆ ತಪ್ಪು ತಾಣದ್ದಲ್ಲ. ಇನ್ನೊಂದು: ಪೇಟೆಂಟ್ ಪಡೆದವನೇ ತಕ್ಕಡಿ ಮಾಡಿದವನು ಅಂತ ತೀರ್ಮಾನಿಸಬೇಡಿ. ಹಕ್ಕನ್ನು ಮಾರುವುದು ಆಗಲೂ ಇತ್ತು.

ಊರು ಗೊತ್ತು, ಹೆಸರು ಅರ್ಧ ಗೊತ್ತು ಅಂದರೆ ಆ ಊರಿನ 'ಆಡ್ರೆಸ್‌ಬುಖ್' ನೋಡಿ. ಮನೆ, ಅಂಗಡಿ, ಕಸುಬು ಎಲ್ಲ ಪಟ್ಟಿ ಮಾಡಿದ ವಿಳಾಸ ಪುಸ್ತಕ ಅದು. ಎಷ್ಟೋ ಊರುಗಳದ್ದು ಸ್ಕ್ಯಾನ್ ಆಗಿ ಬಿಟ್ಟಿ ಸಿಗುತ್ತದೆ. 1820ರಿಂದ 1931ರವರೆಗೆ ನಡೆದ ಡಿಂಗ್ಲರನ ತಾಂತ್ರಿಕ ಪತ್ರಿಕೆಯೂ ಪೂರ್ತಿ ಅಂತರ್ಜಾಲದಲ್ಲಿದೆ. ಎಲ್ಲ ಹುಡುಕಿ ಸೋತ ಮೇಲೆ ಸಂಗ್ರಾಹಕರ ಸಂಘಗಳನ್ನು ಕೇಳಿ: ಜರ್ಮನಿಯ 'ಮಾಸ್ ಉಂಡ್ ಗೆವಿಷ್ಟ್', ಅಮೆರಿಕದಲ್ಲಿ ಶುರುವಾದ ಅಂತರರಾಷ್ಟ್ರೀಯ ಹಳೇ ತಕ್ಕಡಿ ಸಂಗ್ರಾಹಕರ ಸಂಘ. ಕೇಳುವಾಗ ಇಡೀ ತಕ್ಕಡಿಯ ಒಂದು ಫೋಟೊ, ಪ್ರತಿ ಗುರುತಿನದ್ದೂ ಹತ್ತಿರದ ಒಂದೊಂದು ಫೋಟೊ ಕಳಿಸಿ. ಬರೀ "ಬೆಲೆ ಎಷ್ಟು?" ಅಂದರೆ ಯಾರೂ ಉತ್ತರಿಸುವುದಿಲ್ಲ, ನಾನೂ ಅಷ್ಟೆ.

9. ಕೊಳ್ಳುವಾಗ, ಸಾಗಿಸುವಾಗ

ಜರ್ಮನಿಯಲ್ಲಿರುವವರಿಗೆ ಭಾನುವಾರದ ಫ್ಲೋಮಾರ್ಕ್ಟ್ (ಹಳೇ ಸಾಮಾನಿನ ಸಂತೆ) ಇದೆ. ಇಲ್ಲಿರುವವರು ಹಳೇ ಔಷಧದಂಗಡಿ, ಕಾಲೇಜು ಲ್ಯಾಬಿನ ಹರಾಜು, ಗುಜರಿ ಇವುಗಳ ಮೇಲೆ ಕಣ್ಣಿಡಿ. ಪ್ರಯೋಗಾಲಯದ ತಕ್ಕಡಿಯಲ್ಲಿ ದಂಡದ ಅಲಗು ಅಗೇಟ್ ಕಲ್ಲಿನದು, ಅದು ಚಕ್ಕೆ ಎದ್ದಿದ್ದರೆ ಬೆಲೆ ಅರ್ಧವೂ ಇಲ್ಲ. ಸಾಗಿಸುವ ಮುಂಚೆ ದಂಡ, ತಟ್ಟೆ ಬಿಚ್ಚಿ ಬೇರೆ ಬೇರೆ ಸುತ್ತಲೇಬೇಕು. ಹಾಗೇ ಬಸ್ಸಿಗೆ ಹಾಕಿದರೆ ಊರು ಮುಟ್ಟುವಷ್ಟರಲ್ಲಿ ಅಲಗು ಸತ್ತಿರುತ್ತದೆ.

ಕಾನೂನಿನ ಎರಡು ಮಾತು. ಭಾರತದಲ್ಲಿರುವ, ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು. ಎಲ್ಲಿಂದ ಬಂದಿದ್ದರೂ ಸರಿ, ಪುರಾತತ್ವ ಇಲಾಖೆಯನ್ನು ಕೇಳದೆ ಹೊರದೇಶಕ್ಕೆ ಮಾರಲು ಹೋಗಬೇಡಿ. ಇನ್ನು ಕೆಲವು ಹಳೇ ಪ್ರಯೋಗಾಲಯದ ತಕ್ಕಡಿಗಳಲ್ಲಿ ಮುಳ್ಳಿನ ಹಿಂದಿನ ಅಳತೆಪಟ್ಟಿ, ಬಟ್ಟು ಎತ್ತುವ ಚಿಮುಟದ ತುದಿ ಆನೆದಂತದ್ದು. ದಂತದ ವ್ಯಾಪಾರ ನಮ್ಮಲ್ಲಿ ನಿಷೇಧ. ಅನುಮಾನ ಬಂದರೆ ಬಿಟ್ಟುಬಿಡಿ.

10. ಚೀಟಿ ಬರೆದಿಡಿ

ಪ್ರತಿ ತಕ್ಕಡಿಗೂ ಒಂದು ಚೀಟಿ. ಅದರಲ್ಲಿ ಎರಡು ಕಾಲಂ: ಕಂಡದ್ದು, ಊಹಿಸಿದ್ದು. ಇವೆರಡು ಬೆರೆಯಬಾರದು. ನನ್ನ ಮೇಜಿನ ಮೇಲಿರುವ ಒಂದರ ಚೀಟಿ ಹೀಗಿದೆ:

ಕಂಡದ್ದು: ಕಾಗದದ ತಕ್ಕಡಿ, ನಿಕ್ಕಲ್ ಲೇಪ, 0–250 ಗ್ರಾಂ. ದಪ್ಪ ಗೆರೆ 15ರಲ್ಲಿ, 'ಆವ್ಸ್‌ಲಾಂಡ್' ಇಲ್ಲ. ಡಿ.ಆರ್.ಜಿ.ಎಂ. ಇದೆ, ಸಂಖ್ಯೆ ಇಲ್ಲ. ಬುಡದ ಕೆಳಗೆ ಆಂಕರಿನ ಗುರುತು. ಒಂದೇ 'ಎ'.

ಊಹಿಸಿದ್ದು: 1891–1900. ಮಾಡಿದವರು: ಖಾಲಿ.

ಆ ಜಾಗ ಖಾಲಿಯಾಗಿ ಆರು ವರ್ಷವಾಯಿತು. ಪೆನ್ಸಿಲ್ ಮಾತ್ರ ಚೀಟಿಯ ಪಕ್ಕದಲ್ಲೇ ಇದೆ.